ಮೂರು ಬಾರಿ ಪೌರ

ವಲಸೆ ಹೋದ ಹಿರಿಯರನ್ನು ಅರಸುವವರು ಪೌರತ್ವದ ಕೊನೆಯ ಪತ್ರವೊಂದನ್ನೇ ಕಂಡು ತೃಪ್ತರಾಗಬಾರದೆಂದು ನನಗೆ ತೋರುವುದು ಭಗತ್ ಸಿಂಗ್ ಥಿಂದ್ ಅವರ ಬಾಳಿನಿಂದ. 1892ರಲ್ಲಿ ಪಂಜಾಬಿನಲ್ಲಿ ಜನಿಸಿ 1913ರಲ್ಲಿ ಅಮೆರಿಕ ಸೇರಿದ ಇವರು 1918ರಲ್ಲಿ ಅಲ್ಲಿನ ಸೈನಿಕರಾದರು. ಆ ಡಿಸೆಂಬರಿನಲ್ಲಿ ದೊರೆತ ಪೌರತ್ವ ನಾಲ್ಕೇ ದಿನಗಳಲ್ಲಿ ರದ್ದಾಯಿತು. 1920ರಲ್ಲಿ ಆರೆಗಾನ್ ಪ್ರಾಂತದಲ್ಲಿ ಮತ್ತೆ ದೊರೆಯಿತು. ಸರ್ಕಾರ ಮೇಲ್ಮನವಿ ಹೂಡಿತು. ಅಂದಿನ ಕಾನೂನು ಬಿಳಿಯರಿಗೂ ಆಫ್ರಿಕದ ಮೂಲದವರಿಗೂ ಮಾತ್ರ ಬಾಗಿಲು ತೆರೆದಿತ್ತು. ಆರ್ಯಕುಲದವರಾದ ತಾವು ಬಿಳಿಯರೇ ಎಂದು ಥಿಂದ್ ವಾದಿಸಿದರು. ಜನಸಾಮಾನ್ಯರ ತಿಳಿವಳಿಕೆ ಹಾಗಿಲ್ಲವೆಂದು 1923ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು; ಇತರ ಹಲವು ಭಾರತೀಯರೂ ಪೌರತ್ವ ಕಳೆದುಕೊಂಡರು. ಯುದ್ಧಕ್ಕೆ ದುಡಿದವರಿಗಾಗಿ 1935ರಲ್ಲಿ ಆದ ಕಾನೂನಿನಿಂದ 1936ರಲ್ಲಿ ಮೂರನೆಯ ಪತ್ರ ಬಂದಿತು. 1967ರಲ್ಲಿ ತೀರಿಕೊಳ್ಳುವವರೆಗೂ ಅದು ಉಳಿಯಿತು. ಕುಲಕ್ಕೆ ತೆರೆಯದ ಬಾಗಿಲು ಸೇವೆಗೆ ತೆರೆಯಿತು. ಆದರೆ ಅವರು ಕಾದ ವರುಷಗಳ ಕಥೆಯನ್ನು ಹೇಳುವುದು ರದ್ದಾದ ಪತ್ರಗಳೇ.