ಶಿಲಾಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್

ಯಮನೂರಿನ ಬೆಣ್ಣೆಹಳ್ಳದ ದಂಡೆಯಲ್ಲಿ ನಿಂತವರಿಗೆ ಕಣ್ಣು ಹಾಯುವವರೆಗೂ ಎರೆಭೂಮಿಯೇ ಕಾಣುವುದು. ಇಲ್ಲಿ ಜ್ವಾಲಾಮುಖಿಯ ಮಾತೆತ್ತಿದರೆ ವಿದ್ಯಾರ್ಥಿಗಳು ನಕ್ಕಾರು. ಆದರೆ ಈ ನಾಡಿನ ಒಡಲಲ್ಲಿ ಹುದುಗಿದ ಶಿಲೆಗಳ ಚರಿತ್ರೆಯನ್ನು ಊರೂರು ಸುತ್ತಿ ಅರಿತ ಮಹನೀಯರೊಬ್ಬರಿದ್ದರು. ಅವರೇ ರಾಬರ್ಟ್ ಬ್ರೂಸ್ ಫೂಟ್.

1834ರಲ್ಲಿ ಇಂಗ್ಲೆಂಡಿನ ಚೆಲ್ಟನಹ್ಯಾಮಿನಲ್ಲಿ ಜನಿಸಿದ ಫೂಟರು 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿದರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಅವರಿಗೆ ದೊರೆತ ಶಿಲಾಯುಗದ ಕಲ್ಲಾಯುಧವು ಅವರನ್ನು ಜಗತ್ಪ್ರಸಿದ್ಧರನ್ನಾಗಿಸಿತು. ನಮಗಾದರೋ 1876ರಲ್ಲಿ ಪ್ರಕಟವಾದ, ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಕುರಿತ ಅವರ ಗ್ರಂಥವು ಹೆಚ್ಚು ಆಪ್ತವಾದುದು. ನಮ್ಮ ಅಚ್ಚಗನ್ನಡ ಜಿಲ್ಲೆಗಳಿಗೆ ಅಂದು ಆ ಹೆಸರಿದ್ದುದು ಕಾಲದ ವೈಚಿತ್ರ್ಯ!

ಜ್ವಾಲಾಮುಖಿಗಳೆಲ್ಲ ಒಂದೇ ಬಗೆಯವಲ್ಲ. ಅಂಡಮಾನಿನ ಬ್ಯಾರನ್ ದ್ವೀಪದ್ದು ಶಂಕುವಿನಾಕಾರದ್ದು. ಹವಾಯಿಯಲ್ಲಿ ತೆಳುವಾದ ಶಿಲಾರಸವು ದೂರ ಹರಿದು, ಬೋರಲು ಹಾಕಿದ ಗುರಾಣಿಯಂತಹ ಗಿರಿಗಳಾಗಿವೆ. ದಖ್ಖನಿನಲ್ಲಿ ಶಿಖರವೇ ಏಳಲಿಲ್ಲ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ನೀಳವಾದ ಬಿರುಕುಗಳಿಂದ ಉಕ್ಕಿದ ರಸವು ಪದರಪದರವಾಗಿ ಹಬ್ಬಿ ಕಪ್ಪುಶಿಲೆಯಾಯಿತು. ಅದರ ತೆಂಕಣ ಅಂಚು ಬೆಳಗಾವಿ, ವಿಜಯಪುರ ಸೀಮೆಗಳಲ್ಲಿದೆ. ಕರಿಮಣ್ಣೆಲ್ಲ ಆ ಶಿಲೆಯಿಂದಲೇ ಹುಟ್ಟಿತೆಂದು ಪಾಠ ಹೇಳುವ ರೂಢಿಯುಂಟು, ಅದು ಅರ್ಧಸತ್ಯ. ನವಲಗುಂದ ಸೀಮೆಯ ಎರೆಯ ಅಡಿಯಲ್ಲಿರುವುದು ಅದಕ್ಕಿಂತ ಬಹು ಪುರಾತನವಾದ ಶಿಲೆ. ಇಂತಹ ಪ್ರಾಚೀನ ಶಿಲಾಸ್ತರಗಳ ಒಂದು ವರ್ಗವನ್ನು ಬೇರ್ಪಡಿಸಿ, 1886ರಲ್ಲಿ ಅದಕ್ಕೆ ಧಾರವಾಡದ ಹೆಸರನ್ನಿತ್ತವರು ಫೂಟರೇ. ಆ ಹೆಸರು ಇಂದಿಗೂ ವಿಜ್ಞಾನಲೋಕದಲ್ಲಿ ನಿಂತಿದೆ. ಆ ವರ್ಗದಲ್ಲಿಯೂ ಅಗ್ನಿಯ ಗುರುತುಗಳುಂಟು: ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ, ನೀರಿನಡಿಯಲ್ಲಿ ಹೊಮ್ಮಿ ದಿಂಬುಗಳಂತೆ ಹೆಪ್ಪುಗಟ್ಟಿದ ಸುಮಾರು 250 ಕೋಟಿ ವರ್ಷಗಳ ಶಿಲಾರಸವನ್ನು ಕಾಣಬಹುದು.

ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ವಿಷಯದಲ್ಲಿ ಅವರ ವಿವೇಕವು ಇನ್ನೂ ಸ್ಪಷ್ಟವಾಗುತ್ತದೆ. ಅವು ಜ್ವಾಲಾಮುಖಿಯ ಬೂದಿಯೆಂದು ಊಹಿಸಿದವರೂ ಇದ್ದರು. ಫೂಟರು ಅವನ್ನು ನವಶಿಲಾಯುಗದ ಗೋಪಾಲಕರು ಸುಟ್ಟ ಸಗಣಿಯ ರಾಶಿಗಳೆಂದು ತಿಳಿದರು. 1957ರಲ್ಲಿ ರೇಮಂಡ್ ಆಲ್ಚಿನ್ನರು ಉತ್ನೂರಿನಲ್ಲಿ ನಡೆಸಿದ ಉತ್ಖನನವು ಅದನ್ನು ಸಮರ್ಥಿಸಿತು. ಗೋಮಯದ ಭಸ್ಮವನ್ನು ಹಣೆಗೆ ಧರಿಸುವ ನಮಗೆ ಇದು ಅಚ್ಚರಿಯಾಗಬೇಕಿಲ್ಲ.

ಸರ್ವೇಕ್ಷಣ ಇಲಾಖೆಯಿಂದ 1891ರಲ್ಲಿ ನಿವೃತ್ತರಾದ ಫೂಟರು, 1894ರಲ್ಲಿ ಸ್ಥಾಪಿತವಾದ ಮೈಸೂರು ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರಾದರು. ಅವರು ಸಂಗ್ರಹಿಸಿದ ಪ್ರಾಚೀನ ವಸ್ತುಗಳು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿದವು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರು ಕಾಲವಶರಾದರು. ಅವರ ಸ್ಮಾರಕವು ತಮಿಳುನಾಡಿನ ಏರ್ಕಾಡಿನ ಚರ್ಚಿನ ಆವರಣದಲ್ಲಿದೆ.