ಪತ್ನಿಯ ಅಗಲಿಕೆಯ ನೋವಿನಲ್ಲಿ ನಾಯಿಗೆ ತನ್ನ ರುಮಾಲು ತೊಡಿಸಿದ ಛತ್ರಪತಿ ಶಾಹು

ಪುಣೆಯ ಧನಕವಡಿ, ಕಾತ್ರಜ್ ದಾಟಿ ಬೆಂಗಳೂರಿನತ್ತ ಬರುವ ಹಳೆಯ ರಸ್ತೆ ಸಾತಾರಾ ಮೂಲಕ ಹಾದುಬರುತ್ತದೆ. ಸಾತಾರಾ ಪಕ್ಕದ ಸಂಗಮ ಮಾಹುಲಿಯಲ್ಲಿ, ಕೃಷ್ಣಾ ಮತ್ತು ವೆಣ್ಣಾ ನದಿಗಳು ಕೂಡುವಲ್ಲಿ, ಒಂದು ನಾಯಿಯ ಸಮಾಧಿಯಿದೆ. ಅದು ಖಂಡ್ಯಾ. ಶಿವಾಜಿ ಮಹಾರಾಜರ ಮೊಮ್ಮಗ ಛತ್ರಪತಿ ಶಾಹು ಅವರ ಅಚ್ಚುಮೆಚ್ಚಿನ ನಾಯಿ. ಮೀಸಲಾತಿ ತಂದ ಕೊಲ್ಹಾಪುರದ ಶಾಹು ಮಹಾರಾಜರು ಬೇರೆ; ಇವರು ಅವರಿಗಿಂತ ಸುಮಾರು ಎರಡು ಶತಮಾನ ಹಿಂದಿನವರು.

1682ರಲ್ಲಿ ಹುಟ್ಟಿದ ಶಾಹು ಬಾಲ್ಯದಲ್ಲೇ ನೋವುಂಡವರು. 1689ರಲ್ಲಿ ತಂದೆ ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ. ಅದೇ ವರ್ಷ ರಾಯಗಡ ಮೊಘಲರ ವಶವಾಯಿತು. ಏಳು ವರ್ಷದ ಬಾಲಕ, ತಾಯಿ ಯೇಸೂಬಾಯಿ ಜೊತೆ ಸೆರೆಯಾದ. ಬಿಡುಗಡೆಯಾಗಿದ್ದು ಔರಂಗಜೇಬ ಸತ್ತ ಬಳಿಕ, 1707ರಲ್ಲಿ. ತಾಯಿ ಮರಳಿ ಬರಲು 1719ರವರೆಗೆ ಕಾಯಬೇಕಾಯಿತು.

1708ರಲ್ಲಿ ಸಾತಾರಾದಲ್ಲಿ ಪಟ್ಟಾಭಿಷೇಕ. 1713ರಲ್ಲಿ ಬಾಳಾಜಿ ವಿಶ್ವನಾಥರಿಗೆ ಪೇಶ್ವೆ ಪದವಿ. ಮುಂದೆ ಬಾಜೀರಾಯರ ಕಾಲದಲ್ಲಿ ಮರಾಠಾ ಸೇನೆ ದೆಹಲಿಯ ಬಾಗಿಲು ತಟ್ಟಿತು. ಆದರೆ ಅರಮನೆಯಲ್ಲಿ ನೆಮ್ಮದಿ ಇರಲಿಲ್ಲ. ಗಂಡು ಸಂತಾನ ಉಳಿಯಲಿಲ್ಲ. ಕಿರಿಯ ರಾಣಿ ಸಗುಣಾಬಾಯಿ ತೀರಿಕೊಂಡ ಮೇಲೆ ರಾಜರ ಮನಸ್ಸು ಕುಸಿದುಹೋಯಿತು ಎಂದು 1826ರಲ್ಲಿ ಮರಾಠರ ಇತಿಹಾಸ ಪ್ರಕಟಿಸಿದ ಗ್ರ್ಯಾಂಟ್ ಡಫ್ ದಾಖಲಿಸಿದ್ದಾನೆ.

ಆ ದಿನಗಳಲ್ಲಿ ಶಾಹು ಅಂಟಿಕೊಂಡಿದ್ದು ನಾಯಿಗೆ. ಹುಲಿ ಬೇಟೆಯಲ್ಲಿ ಅದು ಒಮ್ಮೆ ಅವರ ಪ್ರಾಣ ಉಳಿಸಿತ್ತಂತೆ. ಅದಕ್ಕೆ ಜಹಗೀರು ಬರೆದುಕೊಟ್ಟರು, ಪಲ್ಲಕ್ಕಿಯ ಮರ್ಯಾದೆ ಕೊಟ್ಟರು. ಒಮ್ಮೆ ಸರದಾರರು ಸೇರಿದ್ದ ತುಂಬಿದ ದರ್ಬಾರಿನಲ್ಲಿ ನಾಯಿಗೆ ಜರತಾರಿ ಬಟ್ಟೆ, ಒಡವೆ ಹಾಕಿಸಿ, ತಮ್ಮ ರುಮಾಲನ್ನೇ ಅದರ ತಲೆಗೆ ಇಟ್ಟರು. ಆಮೇಲೆ ಎಂದೂ ಅವರು ತಲೆಗೆ ಏನನ್ನೂ ಧರಿಸಲಿಲ್ಲ ಎನ್ನುತ್ತಾನೆ ಡಫ್.

ಅವನ ಕಣ್ಣಿಗೆ ಇದೆಲ್ಲ ಬುದ್ಧಿಭ್ರಮಣೆ. ಖಿನ್ನತೆಯನ್ನು ಕಾಯಿಲೆಯೆಂದು ಅರಿತು ಆರೈಕೆ ಮಾಡುವ ಕಾಲ ಅದಾಗಿರಲಿಲ್ಲ. ಇಷ್ಟು ದೂರದಿಂದ ರಾಜರಿಗೆ ಇದೇ ಕಾಯಿಲೆ ಇತ್ತು ಎಂದು ಹೆಸರಿಡಲೂ ಆಗದು. ಆದರೂ ಒಂದು ಮಾತು ಗಮನಾರ್ಹ. ಸುತ್ತಲಿದ್ದವರು ರಾಜರ ಇಚ್ಛೆಯನ್ನು ತಳ್ಳಿಹಾಕಲಿಲ್ಲ. ನಾಯಿಯ ಪಲ್ಲಕ್ಕಿ ಸೇವೆ ನಡೆದುಕೊಂಡೇ ಬಂತು.

ಕೊನೆಗಾಲದಲ್ಲಿ ಉತ್ತರಾಧಿಕಾರಿ ಯಾರೆಂಬ ಜಗಳ ಅರಮನೆಯನ್ನು ಆವರಿಸಿತ್ತು. ರಾಣಿಯಿಂದ ಪೇಶ್ವೆಯವರೆಗೆ ಪ್ರತಿಯೊಬ್ಬರಿಗೂ ರಾಜರಿಂದ ಏನಾದರೊಂದು ಬೇಕಿತ್ತು. ಏನನ್ನೂ ಕೇಳದೆ ಜೊತೆಗಿದ್ದದ್ದು ನಾಯಿ ಮಾತ್ರ. 1749ರ ಡಿಸೆಂಬರ್ 15ರಂದು ಶಾಹು ಕೊನೆಯುಸಿರೆಳೆದರು. ಅಧಿಕಾರ ಪುಣೆಯ ಪೇಶ್ವೆಗಳ ಕೈಸೇರಿತು. ಮಾಹುಲಿಯ ನದಿತೀರದಲ್ಲಿ ಖಂಡ್ಯಾನ ಕಲ್ಲು ಇಂದಿಗೂ ಇದೆ.