ಅಬ್ಬೆ ದುಬಾಯ್

ಅಬ್ಬೆ ದುಬಾಯ್ (ಜೀನ್ ಆಂಟ್ವಾನ್ ದ್ಯುಬ್ವಾ, 1766–1848) ಮೈಸೂರು ಸೀಮೆಯಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ನೆಲೆಸಿದ್ದ ಫ್ರೆಂಚ್ ಕಥೋಲಿಕ ಪಾದ್ರಿ. ಹಿಂದೂಗಳ ನಡೆನುಡಿ, ಆಚಾರ, ಸಂಸ್ಕಾರಗಳನ್ನು ಕುರಿತ ಗ್ರಂಥದಿಂದ ಜಗತ್ತಿಗೆ ಪರಿಚಿತರಾದ ಇವರು, ಶ್ರೀರಂಗಪಟ್ಟಣ, ಮೈಸೂರು, ಹಾಸನಗಳ ಕಡೆ ಸಿಡುಬಿಗೆ ದೇವಿ ಹಾಕಿಸಿದವರೆಂದೂ ನಿರ್ಗತಿಕರಿಗೆ ಬೇಸಾಯದ ನೆಲೆ ಕಲ್ಪಿಸಿದವರೆಂದೂ ಸ್ಮರಣೀಯರು. ಜನರು ಇವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು.

ಆರಂಭಿಕ ಜೀವನ

ದುಬಾಯ್ ಅವರು ದಕ್ಷಿಣ ಫ್ರಾನ್ಸಿನ ಸೇಂಟ್ ರೆಮೇಜ್ ಎಂಬ ಊರಿನಲ್ಲಿ ಜನಿಸಿದರು. 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಪರವಾಗಿ ಅದೇ ವರ್ಷ ಭಾರತಕ್ಕೆ ಹೊರಟರು. ಆಗ ಫ್ರಾನ್ಸ್ ಕ್ರಾಂತಿಯ ಬೆಂಕಿಯಲ್ಲಿತ್ತು. ಪುದುಚೇರಿಯ ಮಿಷನ್ನಿನಲ್ಲಿ ಕೆಲಸ ಆರಂಭಿಸಿದ ಅವರು ಇಲ್ಲಿನ ಭಾಷೆಗಳನ್ನು ಕಲಿತು, ಉಡುಗೆ ಊಟಗಳಲ್ಲಿಯೂ ಈ ನೆಲದವರಂತೆಯೇ ಬದುಕತೊಡಗಿದರು.

ಮೈಸೂರು ಸೀಮೆಯಲ್ಲಿ

1799ರಲ್ಲಿ ಶ್ರೀರಂಗಪಟ್ಟಣ ಪತನವಾಯಿತು. ಟಿಪ್ಪುವಿನ ಕಾಲದಲ್ಲಿ ಕೆನರಾದಿಂದ ಸೆರೆಯಾಗಿ ಬಂದಿದ್ದ ಕ್ರೈಸ್ತರೂ ಮೊದಲಿನಿಂದ ಇಲ್ಲಿದ್ದವರೂ ದಿಕ್ಕಾಪಾಲಾಗಿದ್ದರು. ಅನೇಕರಿಗೆ ಮನೆಯೂ ಇರಲಿಲ್ಲ, ಹೊಲವೂ ಇರಲಿಲ್ಲ. ಚದುರಿದ ಈ ಸಭೆಯನ್ನು ಮತ್ತೆ ಕಟ್ಟುವ ಹೊಣೆ ದುಬಾಯ್ ಅವರ ಪಾಲಿಗೆ ಬಂತು. ಪೂಜೆ ಪ್ರಾರ್ಥನೆಗಳಿಗಿಂತ ಮೊದಲು ಅವರ ಕಣ್ಣಿಗೆ ಬಿದ್ದದ್ದು ಹಸಿವು. ಭಿಕ್ಷೆಯ ಅನ್ನದಿಂದ ಒಂದು ಸಮುದಾಯ ತಲೆಯೆತ್ತಲಾರದೆಂದು ಕಂಡ ಅವರು ಬೇಸಾಯದ ವಸಾಹತುಗಳನ್ನು ಸ್ಥಾಪಿಸಿದರು. ಹಾಸನದ ಸಮೀಪದ ಸಾತಳ್ಳಿ ಇವುಗಳಲ್ಲಿ ಮುಖ್ಯವಾದುದು.

ದುಡಿಮೆಯ ಘನತೆ, ನ್ಯಾಯವಾದ ಕೂಲಿ, ಬಡವನಿಗೂ ಸ್ವಂತ ಆಸ್ತಿಯ ಹಕ್ಕು ಎಂಬ ವಿಚಾರಗಳನ್ನು ಪೋಪ್ ಹದಿಮೂರನೆಯ ಲಿಯೋ 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರದಲ್ಲಿ ಸಾರಿದ್ದು 1891ರಲ್ಲಿ. ಆಧುನಿಕ ಕಥೋಲಿಕ ಸಾಮಾಜಿಕ ಬೋಧನೆ ಅಲ್ಲಿಂದ ಆರಂಭವೆಂದು ಎಣಿಸುವುದು ವಾಡಿಕೆ. ಆ ವೇಳೆಗೆ ದುಬಾಯ್ ತೀರಿಕೊಂಡು 43 ವರ್ಷಗಳಾಗಿದ್ದವು. ಅವರಲ್ಲಿ ಇಂಥ ಸಿದ್ಧಾಂತವಾವುದೂ ಇರಲಿಲ್ಲ; ಎದುರಿಗಿದ್ದ ಕಷ್ಟಕ್ಕೆ ಕೈಗೆ ಸಿಕ್ಕ ಉಪಾಯ ಮಾಡಿದರು, ಅಷ್ಟೆ.

ದೇವಿ ಹಾಕುವ ಕಾರ್ಯ

ಎಡ್ವರ್ಡ್ ಜೆನ್ನರ್ ತನ್ನ ಗೋಸಿಡುಬಿನ ಪ್ರಯೋಗವನ್ನು ಪ್ರಕಟಿಸಿದ್ದು 1798ರಲ್ಲಿ. 1802ರ ಜೂನ್‌ನಲ್ಲಿ ಮುಂಬಯಿಯ ಒಂದು ಮಗುವಿಗೆ ಭಾರತದ ಮೊದಲ ಲಸಿಕೆ ಬಿತ್ತು. ಮರುವರ್ಷದ ಹೊತ್ತಿಗೆ ದುಬಾಯ್ ಮೈಸೂರು ಸೀಮೆಯಲ್ಲಿ ಈ ಕೆಲಸಕ್ಕೆ ಇಳಿದಿದ್ದರು. ಶೀತಲ ಪೆಟ್ಟಿಗೆಯಿಲ್ಲದ ಆ ಕಾಲದಲ್ಲಿ ಲಸಿಕೆಯನ್ನು ಒಬ್ಬರ ತೋಳಿನಲ್ಲಿ ಎದ್ದ ಬೊಕ್ಕೆಯ ಕೀವಿನಿಂದ ಇನ್ನೊಬ್ಬರ ತೋಳಿಗೆ ದಾಟಿಸಬೇಕಿತ್ತು. ಸುಮಾರು ಎಂಟು ದಿನಕ್ಕೊಮ್ಮೆ ಹೊಸ ತೋಳು ಸಿಗದಿದ್ದರೆ ಸರಪಳಿಯೇ ಕಡಿದುಹೋಗುತ್ತಿತ್ತು. ಜಾತಿಯಿಂದ ಜಾತಿಗೆ ಮುಟ್ಟಿಸಿಕೊಳ್ಳದ ಸಮಾಜದಲ್ಲಿ, ಸಿಡುಬನ್ನು ಅಮ್ಮನೆಂದು ಪೂಜಿಸುವ ಮನೆಗಳಲ್ಲಿ, ಇದು ಎಷ್ಟು ಕಠಿಣವಾಗಿದ್ದೀತೆಂಬುದನ್ನು ಊಹಿಸಬಹುದು. ಜನರ ನಡುವೆ ಬಾಳಿ ಗಳಿಸಿದ್ದ ವಿಶ್ವಾಸ ಇಲ್ಲಿ ಉಪಯೋಗಕ್ಕೆ ಬಂದಿರಬೇಕು. 1803–04ರಲ್ಲಿ 25,000ಕ್ಕೂ ಮಿಕ್ಕಿ ಜನರಿಗೆ ದೇವಿ ಹಾಕಿಸಿದ ಲೆಕ್ಕವನ್ನು ಅವರು ದಾಖಲಿಸಿದ್ದಾರೆ. ದೊಡ್ಡ ಸರಕಾರಿ ಇಲಾಖೆಯೊಂದಕ್ಕೂ ಆ ಕಾಲದಲ್ಲಿ ಇದು ಸಣ್ಣ ಸಂಖ್ಯೆಯಲ್ಲ.

ಗ್ರಂಥ ಮತ್ತು ವಿವಾದ

ಹಿಂದೂ ಸಮಾಜವನ್ನು ಕುರಿತ ಅವರ ಫ್ರೆಂಚ್ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿದರು. ಈಸ್ಟ್ ಇಂಡಿಯಾ ಕಂಪನಿ ಅದನ್ನು 2,000 ವರಹಗಳಿಗೆ ಕೊಂಡಿತು. ಇಂಗ್ಲಿಷ್ ಅನುವಾದ 1816ರಲ್ಲಿಯೂ ಮೂಲ ಫ್ರೆಂಚ್ 1825ರಲ್ಲಿಯೂ ಅಚ್ಚಾದವು. ಪರಿಷ್ಕೃತ ಪ್ರತಿಯನ್ನು ಆಧರಿಸಿದ ಹೆನ್ರಿ ಬೋಚಾಂಪ್ ಅವರ ಅನುವಾದ 1897ರಲ್ಲಿ ಹೊರಬಂತು. ಈ ಗ್ರಂಥದ ಬಹುಭಾಗಕ್ಕೆ ಜೆಸುಯಿಟ್ ಪಾದ್ರಿ ಕೇರ್ದು ಅವರ 18ನೆಯ ಶತಮಾನದ ಬರಹವೇ ಆಕರವೆಂದು ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಆದ್ದರಿಂದ ಎಲ್ಲವನ್ನೂ ದುಬಾಯ್ ಅವರು ಕಣ್ಣಾರೆ ಕಂಡದ್ದೆಂದು ಓದಲಾಗದು. ಅಸ್ಪೃಶ್ಯರ ದುಃಸ್ಥಿತಿಗೆ ಮರುಗುವ ಪುಟಗಳಿರುವ ಈ ಪುಸ್ತಕದಲ್ಲಿಯೇ ಜಾತಿವ್ಯವಸ್ಥೆಯನ್ನು ವಿವೇಕದ ಏರ್ಪಾಡೆಂದು ಹೊಗಳುವ ಪುಟಗಳೂ ಇವೆ. ಈ ವೈರುಧ್ಯವನ್ನು ಅವರು ಬಿಡಿಸಿಕೊಂಡಂತೆ ಕಾಣುವುದಿಲ್ಲ. ಪಂಚತಂತ್ರವನ್ನೂ ಅವರು ಫ್ರೆಂಚಿಗೆ ತಂದರು (1826).

ಸ್ವದೇಶಕ್ಕೆ ಮರಳಿಕೆ

1823ರ ಜನವರಿಯಲ್ಲಿ ದುಬಾಯ್ ಭಾರತವನ್ನು ಬಿಟ್ಟರು. ಕಂಪನಿ ಅವರಿಗೆ ಪಿಂಚಣಿ ಕೊಟ್ಟಿತು. ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ, ಹಿಂದೂಗಳನ್ನು ಮತಾಂತರಿಸುವ ಪ್ರಯತ್ನ ನಿಷ್ಫಲವೆಂದು ಅವರು ಘೋಷಿಸಿದರು. ಇಷ್ಟು ವರ್ಷಗಳಲ್ಲಿ ತಮ್ಮಿಂದ ಕ್ರೈಸ್ತರಾದವರು ಕೇವಲ 200–300 ಮಂದಿ, ಅವರಲ್ಲಿಯೂ ಬಹುಪಾಲು ಜನ ನಿರ್ಗತಿಕರು ಎಂದು ಒಪ್ಪಿಕೊಂಡರು. ಹೊಟ್ಟೆಪಾಡಿಗಾಗಿ ಬರುವ ನಂಬಿಕೆಯ ಬಗ್ಗೆ ಅವರಿಗೆ ಭರವಸೆ ಉಳಿದಿರಲಿಲ್ಲ. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಮೊದಲಾದ ಪ್ರಾಟೆಸ್ಟಂಟ್ ಮಿಷನರಿಗಳು ಕೆರಳಿ ಉತ್ತರ ಬರೆದರು. ಪಾದ್ರಿಯೊಬ್ಬರು ತಮ್ಮ ಸೋಲನ್ನು ಹೀಗೆ ಅಚ್ಚಿನಲ್ಲಿ ಬಯಲಿಗಿಟ್ಟ ನಿದರ್ಶನ ವಿರಳ. ಲಸಿಕೆ, ಹೊಲಗಳ ವಿಷಯದಲ್ಲಿ ಮಾತ್ರ ಈ ಲೆಕ್ಕಾಚಾರ ಹೊಂದುವುದಿಲ್ಲ.

ಪ್ಯಾರಿಸ್ಸಿನಲ್ಲಿ ಅವರು ತಮ್ಮ ಸಂಘದ ಗುರುಮಠದಲ್ಲಿ ಸೇವೆ ಸಲ್ಲಿಸಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. 1848ರ ಫೆಬ್ರುವರಿ 17ರಂದು ಅಲ್ಲಿಯೇ ನಿಧನರಾದರು. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ಹಳೆಯ ಚರ್ಚನ್ನು ಇಂದಿಗೂ ಅಬ್ಬೆ ದುಬಾಯ್ ಚರ್ಚ್ ಎಂದು ಕರೆಯುತ್ತಾರೆ.